ಮೂವರು ಶೇವ್ ಮಾಡಿಕೊಳ್ಳುವ ಮನೆಯಲ್ಲಿ ರೇಜರ್ ಖರ್ಚನ್ನು ತಗ್ಗಿಸುವುದು ಹೇಗೆ?

ಪ್ರಶ್ನೆ ಕೇಳಿದವರು: ಹಾಸನದ ಹಿರಿಮಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಂದೆಯವರು, ನಾನು ಮತ್ತು ಈ ವರ್ಷ ಕಾಲೇಜಿಗೆ ಸೇರಿರುವ ತಮ್ಮ, ಹೀಗೆ ಮೂವರು ಶೇವ್ ಮಾಡಿಕೊಳ್ಳುವವರಿದ್ದೇವೆ. ನನ್ನದು ಬಿ.ಎಂ. ರಸ್ತೆಯ ಹೋಟೆಲೊಂದರಲ್ಲಿ ಸ್ವಾಗತಕಾರನ ಕೆಲಸವಾದ್ದರಿಂದ ಒಂದು ದಿನವೂ ಕುರುಚಲು ಗಡ್ಡ ಬಿಟ್ಟುಕೊಂಡು ಹೋಗುವ ಹಾಗಿಲ್ಲ. ತಂದೆಯವರು ಎರಡು ದಿನಕ್ಕೊಮ್ಮೆ ಮಾಡಿಕೊಳ್ಳುತ್ತಾರೆ. ತಮ್ಮನದು ಇನ್ನೂ ಎಳೆಯ ಗಡ್ಡ, ವಾರಕ್ಕೊಮ್ಮೆ ಸಾಕು.

ಮೂವರೂ ಮೂರು ಅಲಗಿನ ಕಾರ್ಟ್ರಿಜ್ ರೇಜರ್ (ಹಿಡಿ ಉಳಿಸಿಕೊಂಡು ಅಲಗಿರುವ ತಲೆಯನ್ನಷ್ಟೇ ಬದಲಾಯಿಸುವಂಥದ್ದು) ಬಳಸುತ್ತಿದ್ದೇವೆ. ನಾಲ್ಕು ಕಾರ್ಟ್ರಿಜ್‌ಗಳ ಪೊಟ್ಟಣಕ್ಕೆ ಐನೂರು ರೂಪಾಯಿಯ ಹತ್ತಿರ ಕೊಡಬೇಕಾಗಿದೆ. ತಿಂಗಳ ದಿನಸಿ ಚೀಟಿಯಲ್ಲಿ ಬೇಳೆಯ ಬಾಬ್ತಿಗೂ ಈ ಬಾಬ್ತಿಗೂ ಹೆಚ್ಚು ವ್ಯತ್ಯಾಸ ಕಾಣದೆ ಹೋದಾಗ ಅಮ್ಮ ಸಹಜವಾಗಿಯೇ ಪ್ರಶ್ನೆ ಎತ್ತಿದರು. ಸಲೂನಿಗೆ ಹೋಗೋಣವೆಂದರೆ ಒಂದು ಸಲಕ್ಕೆ ಐವತ್ತು ಅರವತ್ತು ರೂಪಾಯಿ ಆಗುತ್ತದೆ, ಪ್ರತಿದಿನದ ಮಾತಂತೂ ಅಲ್ಲ.

ನುಣುಪು ಕೆಡದ ಹಾಗೆ, ಮುಖ ಉರಿಯದ ಹಾಗೆ ಈ ಖರ್ಚನ್ನು ಎಷ್ಟರ ಮಟ್ಟಿಗೆ ತಗ್ಗಿಸಬಹುದು? ಕಾರ್ಟ್ರಿಜ್ಜನ್ನು ಜೀನ್ಸ್ ಬಟ್ಟೆಯ ಮೇಲೆ ಉಜ್ಜಿದರೆ ಮತ್ತೆ ಹರಿತವಾಗುತ್ತದೆ ಎಂದು ಯೂಟ್ಯೂಬಿನಲ್ಲಿ ಹೇಳುತ್ತಾರೆ, ಅದರಲ್ಲಿ ನಿಜಾಂಶವಿದೆಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.


ಉತ್ತರ: ಅರಸೀಕೆರೆಯ ನಿವೃತ್ತ ಮೇಷ್ಟರು

ಮೊದಲು ಲೆಕ್ಕವನ್ನೇ ಮಾಡೋಣ, ಏಕೆಂದರೆ ರೇಜರಿನ ಬೆಲೆಯನ್ನು ನೋಡಿ ಕೊಳ್ಳುವವರು ಒಂದು ಸಲದ ಶೇವಿಗೆ ಎಷ್ಟು ಬಿತ್ತು ಎಂಬುದನ್ನು ನೋಡುವುದೇ ಇಲ್ಲ. ನೀವು ಹೇಳಿದ ದರದಲ್ಲಿ ಒಂದು ಕಾರ್ಟ್ರಿಜ್ಜಿಗೆ 125 ರೂಪಾಯಿ ಆಯಿತು. ಅದು ಹತ್ತು ಸಲ ಚೆನ್ನಾಗಿ ಹೆರೆಯುತ್ತದೆ ಎಂದಿಟ್ಟುಕೊಂಡರೆ ಸಲಕ್ಕೆ ಹನ್ನೆರಡೂವರೆ ರೂಪಾಯಿ. ದಿನಾಲೂ ಮಾಡಿಕೊಳ್ಳುವ ನಿಮ್ಮೊಬ್ಬರಿಗೇ ವರ್ಷಕ್ಕೆ ನಾಲ್ಕೂವರೆ ಸಾವಿರ ದಾಟುತ್ತದೆ. ಅದೇ, ಎರಡೂ ಕಡೆ ಅಲಗಿರುವ ಹಳೆಯ ಮಾದರಿಯ ಬ್ಲೇಡು ಮೂರು ರೂಪಾಯಿಗೆ ಒಂದರಂತೆ ಸಿಕ್ಕಿ ನಾಲ್ಕು ಸಲ ಬಂದರೆ ಸಲಕ್ಕೆ ಮುಕ್ಕಾಲು ರೂಪಾಯಿ, ವರ್ಷಕ್ಕೆ ಮುನ್ನೂರು ರೂಪಾಯಿಯೂ ಆಗುವುದಿಲ್ಲ. ಬ್ಲೇಡಿನ ಬೆಲೆ ಇಮ್ಮಡಿ ಇದ್ದರೂ, ಅದು ಎರಡೇ ಸಲ ಬಂದರೂ ಕಾರ್ಟ್ರಿಜ್ಜಿನ ಹತ್ತಿರಕ್ಕೆ ಬರುವುದಿಲ್ಲ.

ಇಷ್ಟು ಅಂತರ ಏಕೆ ಎಂಬುದಕ್ಕೆ ಕಾರಣ ಉಕ್ಕಿನಲ್ಲಿಲ್ಲ, ಹಕ್ಕಿನಲ್ಲಿದೆ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಬಾಸ್ಟನ್ನಿನಲ್ಲಿ ಕಂಪನಿ ಕಟ್ಟಿದ್ದು 1901ರಲ್ಲಿ. ತೆಳು ಬ್ಲೇಡನ್ನು ಬದಲಾಯಿಸಿಕೊಳ್ಳುವ ರೇಜರಿಗೆ ಪೇಟೆಂಟ್ ದೊರೆತದ್ದು 1904ರಲ್ಲಿ. ಆ ಹಕ್ಕು 1921ರಲ್ಲಿ ತೀರಿತು. ಅಲ್ಲಿಂದ ಮುಂದೆ ಯಾರು ಬೇಕಾದರೂ ಅಂಥ ಬ್ಲೇಡು ತಯಾರಿಸಬಹುದಾಯಿತು, ಕ್ರಮೇಣ ತಯಾರಕರೆಲ್ಲ ಒಂದೇ ಅಳತೆಗೆ ಒಗ್ಗಿಕೊಂಡರು. ಹಾಗಾಗಿ ಇಂದು ಟೋಪಾಜ್, ಸೂಪರ್ ಮ್ಯಾಕ್ಸ್, ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್, ಯಾವ ಕಂಪನಿಯ ಬ್ಲೇಡನ್ನು ತಂದರೂ ಆ ಹಳೆಯ ಮಾದರಿಯ ಶೇವಿಂಗ್ ಸೆಟ್ಟಿಗೆ ಕೂರುತ್ತದೆ. ಒಬ್ಬ ಬೆಲೆ ಏರಿಸಿದರೆ ನೀವು ಇನ್ನೊಬ್ಬನದನ್ನು ಕೊಳ್ಳುತ್ತೀರಿ. ಕಾರ್ಟ್ರಿಜ್ಜಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಎರಡು ಅಲಗು 1971ರಲ್ಲಿ, ಮೂರು ಅಲಗು 1998ರಲ್ಲಿ, ಐದು ಅಲಗು 2006ರಲ್ಲಿ ಜಿಲೆಟ್ ಕಂಪನಿಯಿಂದಲೇ ಬಂದವು, ಪ್ರತಿ ಸಲವೂ ಹಿಡಿಗೆ ಸಿಕ್ಕಿಸುವ ಕೊಂಡಿ ಬೇರೆಯಾಯಿತು. ಹಿಡಿಯನ್ನು ಕೊಂಡ ದಿನವೇ ಮುಂದಿನ ಕಾರ್ಟ್ರಿಜ್‌ಗಳ ಗಿರಾಕಿ ನೀವಾಗಿಬಿಟ್ಟಿರುತ್ತೀರಿ.

ಆದ್ದರಿಂದ ನನ್ನ ಸಲಹೆ ಇಷ್ಟು: ಹಿಡಿಯ ಬುಡವನ್ನು ತಿರುಗಿಸಿದರೆ ಮೇಲಿನ ಎರಡು ರೆಕ್ಕೆಗಳು ತೆರೆದುಕೊಳ್ಳುವ ಅಥವಾ ಮೂರು ಭಾಗವಾಗಿ ಬಿಚ್ಚಿಕೊಳ್ಳುವ ಲೋಹದ ಶೇವಿಂಗ್ ಸೆಟ್ಟನ್ನು ಒಂದು ಸಲ ಕೊಳ್ಳಿ. ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಲಿನ ಹಳೆಯ ಫ್ಯಾನ್ಸಿ ಅಂಗಡಿಗಳಲ್ಲಿ ವಿಚಾರಿಸಿ ನೋಡಿ. ತೀರಾ ಅಗ್ಗದ ಪ್ಲಾಸ್ಟಿಕ್ ಸೆಟ್ ಬೇಡ; ಅದರಲ್ಲಿ ಬ್ಲೇಡು ಸಮವಾಗಿ ಕೂರದೆ ಒಂದು ಪಕ್ಕ ಹೆಚ್ಚು ಹೊರಚಾಚಿಕೊಂಡಿರುತ್ತದೆ, ಗೀರು ಬೀಳುವುದು ಅಲ್ಲಿಂದಲೇ.


ಹಾಸನದ ಹಿರಿಮಗ

ಮೇಷ್ಟರೇ, ಲೆಕ್ಕವನ್ನು ಇಷ್ಟು ವಿವರವಾಗಿ ಬಿಡಿಸಿಟ್ಟಿದ್ದಕ್ಕೆ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಒಂದು, ಸೆಟ್ ಕೊಂಡರೆ ಒಂದೇ ಬ್ಲೇಡನ್ನು ತಂದೆಯವರೂ ನಾನೂ ತಮ್ಮನೂ ಚೆನ್ನಾಗಿ ತೊಳೆದು ಬಳಸಬಹುದೇ? ಇನ್ನೊಂದು, ತಂದೆಯವರು ಹೃದಯದ ತೊಂದರೆಗಾಗಿ ರಕ್ತ ತೆಳುವಾಗುವ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದಾರೆ. ಸ್ವಲ್ಪ ಗೀರಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಅವರಿಗೆ ಈ ಸೆಟ್ ಸರಿಹೋಗುತ್ತದೆಯೇ?


ಉತ್ತರ: ಹಾಸನದ ಸಲೂನಿನವ

ನಾನು ಇದೇ ಕಸುಬಿನವನು, ನನ್ನ ತಂದೆಯವರು ಹಡಪ ಹಿಡಿದು ಮನೆಮನೆಗೆ ಹೋಗುತ್ತಿದ್ದವರು. ನಿಮ್ಮ ಮೊದಲ ಸಂದೇಹಕ್ಕೆ ಉತ್ತರ ಒಂದೇ: ಬೇಡವೇ ಬೇಡ. ಕಣ್ಣಿಗೆ ಕಾಣದಷ್ಟು ರಕ್ತ ಅಲಗಿನಲ್ಲಿ ಉಳಿದರೂ ಸಾಕು, ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ತಂದೆ ಮಕ್ಕಳಾದರೂ ಬ್ಲೇಡು ಬೇರೆ ಬೇರೆಯೇ ಇರಬೇಕು. ಮೂರು ರೂಪಾಯಿಯ ವಸ್ತುವಿನಲ್ಲಿ ಆ ಉಳಿತಾಯ ನಮಗೆ ಬೇಕಾಗಿಲ್ಲ. ನಾವು ಅಂಗಡಿಯಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕುವುದು ಇದಕ್ಕಾಗಿಯೇ. ಆದರೆ ಇಡೀ ಬ್ಲೇಡು ಹಾಕುವುದಿಲ್ಲ. ಕಾಗದದ ಹೊದಿಕೆಯಲ್ಲಿ ಇರುವಾಗಲೇ ಉದ್ದಕ್ಕೆ ಮಡಚಿ ಲಟಕ್ಕನೆ ಎರಡು ಹೋಳು ಮಾಡಿ, ಅರ್ಧವನ್ನು ಮಡಚುವ ಕತ್ತಿಗೆ ಸಿಕ್ಕಿಸುತ್ತೇವೆ. ಒಂದು ಬ್ಲೇಡಿಗೆ ಇಬ್ಬರು ಗಿರಾಕಿಗಳು. ಸಾಣೆಕಲ್ಲು ಮತ್ತು ಚರ್ಮದ ಪಟ್ಟಿಯ ಕಾಲದ ಕತ್ತಿಯನ್ನು ಕಸುಬಿನವರೇ ಕೈಬಿಟ್ಟದ್ದು ಈ ಅರ್ಧ ಬ್ಲೇಡು ಬಂದ ಮೇಲೆ. ಆದರೆ ಆ ಕತ್ತಿಯನ್ನು ಮನೆಯಲ್ಲಿ ನೀವೇ ನಿಮ್ಮ ಮುಖಕ್ಕೆ ಹಾಕಿಕೊಳ್ಳಲು ಹೋಗಬೇಡಿ. ಅದಕ್ಕೆ ತಡೆಯಿಲ್ಲ, ಕೈ ಕುದುರಿರಬೇಕು.

ತಂದೆಯವರ ವಿಷಯದಲ್ಲಿ ಮೇಷ್ಟರ ಮಾತಿಗೆ ನಾನು ಸ್ವಲ್ಪ ತಿದ್ದುಪಡಿ ಹೇಳಬೇಕಾಗಿದೆ. ರಕ್ತ ತೆಳುವಾಗುವ ಮಾತ್ರೆ ಇರುವವರಿಗೆ, ಕೈ ನಡುಗುವ ವಯಸ್ಸಿನವರಿಗೆ, ಗಾಯ ಬೇಗ ಮಾಯದ ಸಕ್ಕರೆ ಕಾಯಿಲೆಯವರಿಗೆ ಬ್ಲೇಡಿಗಿಂತ ವಿದ್ಯುತ್ ಶೇವರ್ ಅಥವಾ ಟ್ರಿಮ್ಮರ್ ಕ್ಷೇಮ. ಕೊಳ್ಳುವಾಗ ದುಡ್ಡು ಹೆಚ್ಚು ಕಂಡರೂ ಆಮೇಲೆ ಆಗಾಗ ಬ್ಲೇಡು ಕೊಳ್ಳುವ ಖರ್ಚಿರುವುದಿಲ್ಲ. ಟ್ರಿಮ್ಮರಿನಲ್ಲಿ ನುಣುಪು ಬರುವುದಿಲ್ಲ ನಿಜ, ಆದರೆ ನಿಮ್ಮ ತಂದೆಯವರಿಗೆ ಹೋಟೆಲಿನ ಮೇಜಿನ ಮುಂದೆ ನಿಲ್ಲುವ ಅಗತ್ಯವಿಲ್ಲವಲ್ಲ.

ಇನ್ನು ಯಾರೂ ಹೇಳದ ಮಾತೊಂದನ್ನು ಹೇಳುತ್ತೇನೆ. ಬ್ಲೇಡು ಎಷ್ಟು ದಿನ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ನೀರು. ಒಣಗಿದ ಗಡ್ಡ ತಂತಿಯ ಹಾಗೆ ಗಡುಸು. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಕೂದಲು ನೀರು ಹೀರಿಕೊಂಡು ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಬಹಳ ಕಡಿಮೆಯಾಗುತ್ತದೆ. ಅದಕ್ಕೇ ಸ್ನಾನ ಮುಗಿಸಿ ಶೇವ್ ಮಾಡಿಕೊಳ್ಳಿ, ಶೇವ್ ಮುಗಿಸಿ ಸ್ನಾನವಲ್ಲ. ಬೆಳಿಗ್ಗೆ ತಣ್ಣೀರು ಚಿಮುಕಿಸಿಕೊಂಡು ತಕ್ಷಣ ಕ್ರೀಮು ಬಳಿದು ಎಳೆಯುವವರ ಬ್ಲೇಡು ಎರಡನೆಯ ದಿನಕ್ಕೇ ಕಿತ್ತೆಳೆಯಲು ಶುರುಮಾಡುತ್ತದೆ, ಆಮೇಲೆ ಬ್ಲೇಡು ಕಳಪೆ ಎಂದು ಅಂಗಡಿಯವನನ್ನು ಬೈಯುತ್ತಾರೆ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಹಾಸನದ ನಲ್ಲಿಯಲ್ಲಿ ಹೇಮಾವತಿಯ ನೀರು ಬಂದ ದಿನ ಕಡಲೆಬೀಜದಷ್ಟು ಕ್ರೀಮಿಗೆ ಬ್ರಷ್ ತುಂಬ ನೊರೆ ಏಳುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಅದರಲ್ಲಿರುವ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಬಿಳಿಯ ಕಟ್ಟಾಗಿ ಕೂರುತ್ತದೆ, ನೊರೆ ಏಳುವುದಿಲ್ಲ, ನೀವು ಮತ್ತೆ ಮತ್ತೆ ಟ್ಯೂಬ್ ಹಿಂಡುತ್ತೀರಿ. ಅರಸೀಕೆರೆಯ ಕಡೆಯ ಮೇಷ್ಟರಿಗೆ ಇದು ಗೊತ್ತಿರಲೇಬೇಕು. ಒಂದು ಲೋಟ ನೀರನ್ನು ಕುದಿಸಿ ಆರಿಸಿ ಇಟ್ಟುಕೊಂಡರೆ ಆ ಸುಣ್ಣ ಒಂದಿಷ್ಟು ತಳಕ್ಕೆ ಇಳಿದಿರುತ್ತದೆ. ಶೇವಿಗೆ ಅಷ್ಟು ನೀರು ಧಾರಾಳ.

ಕೈಯ ವಿಷಯ: ಕಾರ್ಟ್ರಿಜ್ಜಿನ ಅಭ್ಯಾಸದಿಂದ ಬಂದವರು ಒತ್ತುತ್ತಾರೆ. ಸೆಟ್ಟಿನಲ್ಲಿ ಒತ್ತಲೇಬಾರದು, ಅದರ ತಲೆಯ ಭಾರವೇ ಸಾಕು. ಅಲಗು ಕೆನ್ನೆಗೆ ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ತಾಗುವಂತೆ ಹಿಡಿದು, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದುಕೊಂಡು, ಗಿಡ್ಡ ಗಿಡ್ಡ ಎಳೆತಗಳಲ್ಲಿ ಕೂದಲು ಬೆಳೆದ ದಿಕ್ಕಿಗೇ ಇಳಿಸಿ. ಕತ್ತಿನ ಕೆಳಗೆ ಕೂದಲು ಸುಳಿಯಾಗಿ ಬೆಳೆದಿರುತ್ತದೆ, ಬೆರಳಾಡಿಸಿ ದಿಕ್ಕು ನೋಡಿಕೊಳ್ಳಿ. ನುಣುಪು ಬೇಕೆಂದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಒಂದು ಕೈ. ಉಲ್ಟಾ, ಅಂದರೆ ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ಹೊಡೆಯುವುದನ್ನು ದಿನಾಲೂ ಮಾಡಬೇಡಿ.


ಉತ್ತರ: ಬೇಲೂರಿನ ಗೃಹಿಣಿ

ಖರ್ಚಿನ ಚೀಟಿ ಬರೆಯುವವಳಾಗಿ ನಾನೂ ಎರಡು ಮಾತು ಸೇರಿಸುತ್ತೇನೆ. ಹೆಂಗಸರಿಗೆಂದು ಗುಲಾಬಿ ಬಣ್ಣದಲ್ಲಿ ಬರುವ ರೇಜರುಗಳಿಗೆ ಗಂಡಸರ ರೇಜರಿಗಿಂತ ಹೆಚ್ಚು ಬೆಲೆ ಇಟ್ಟಿರುವುದನ್ನು ಅಂಗಡಿಯಲ್ಲಿ ಪಕ್ಕಪಕ್ಕದಲ್ಲೇ ನೋಡಬಹುದು. ಕೈಕಾಲಿಗೆ ಬಳಸುವವರು ಸಾಧಾರಣ ನೀಲಿಯದನ್ನೇ ಕೊಂಡರೆ ಆಗದೇ ಇರುವುದೇನೂ ಇಲ್ಲ. ಮನೆಯ ಗಂಡಸರದ್ದನ್ನು ಮಾತ್ರ ಹಂಚಿಕೊಳ್ಳಬಾರದು, ಕಾರಣವನ್ನು ಸಲೂನಿನವರು ಹೇಳಿಯೇ ಇದ್ದಾರೆ.

ಎರಡನೆಯದು, 2025ರ ಸೆಪ್ಟೆಂಬರ್ 22ರಿಂದ ಶೇವಿಂಗ್ ಕ್ರೀಮು ಮತ್ತು ಆಫ್ಟರ್ ಶೇವ್ ಲೋಷನ್ನಿನ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಹಳೆಯ ದರ ಮುದ್ರಿಸಿದ ಟ್ಯೂಬನ್ನು ಹಳೆಯ ಬೆಲೆಗೇ ಕೊಡುತ್ತಿದ್ದರೆ ಕೇಳುವ ಹಕ್ಕು ನಮಗಿದೆ. ಅಂದ ಹಾಗೆ, ಆಫ್ಟರ್ ಶೇವ್ ಲೋಷನ್ ಏಕೆ ಬೇಕು ಎಂಬುದೇ ನನಗೆ ಅರ್ಥವಾಗಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಒಂದು ತುಂಡು ಪಟಿಕವನ್ನು ಒದ್ದೆ ಮಾಡಿ ಉಜ್ಜಿದರೆ ಸಣ್ಣ ಗೀರಿನ ರಕ್ತ ನಿಲ್ಲುತ್ತದೆ, ನಮ್ಮ ಮಾವನವರ ತುಂಡು ಎಷ್ಟೋ ವರ್ಷಗಳಿಂದ ಸವೆಯುತ್ತಲೇ ಇದೆ.


ಉತ್ತರ: ಮೂಡಿಗೆರೆಯ ತೋಟದವನು

ಜೀನ್ಸ್ ಬಟ್ಟೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅಲ್ಲಿಂದ ಶುರುಮಾಡುತ್ತೇನೆ. ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಟ್ಟಿಯಾದ ಉಕ್ಕು ಕೂದಲನ್ನು ಕತ್ತರಿಸಿಯೇ ಏಕೆ ಮೊಂಡಾಗುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಸೂಕ್ಷ್ಮದರ್ಶಕದ ಕೆಳಗೆ ನೋಡಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅಲಗು ಸಮವಾಗಿ ಸವೆದು ದುಂಡಗಾಗುವುದಕ್ಕಿಂತ ಹೆಚ್ಚಾಗಿ, ಅಲ್ಲಲ್ಲಿ ಚಕ್ಕೆ ಏಳುತ್ತದೆ. ಕೂದಲು ನೆಟ್ಟಗೆ ನಿಲ್ಲದೆ ಬಾಗಿ ಅಲಗಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆಯಲ್ಲಿ ಗಟ್ಟಿ ಭಾಗವೂ ಮೆದು ಭಾಗವೂ ಕೂಡುವ ಜಾಗದಲ್ಲಿ ಒತ್ತಡ ಹೆಚ್ಚಿ ಸೀಳು ಬಿಡುತ್ತದೆ. ಹೀಗೆ ಎದ್ದುಹೋದ ಚಕ್ಕೆಯನ್ನು ಬಟ್ಟೆ ತಿರುಗಿ ತರಲಾರದು. ಅಲ್ಲದೆ ಈಗಿನ ಅಲಗುಗಳಿಗೆ ಜಾರಿಕೆಗಾಗಿ ನಾನ್‌ಸ್ಟಿಕ್ ತವೆಗೆ ಹಾಕುವಂಥದ್ದೇ ತೆಳುವಾದ ಲೇಪವಿರುತ್ತದೆ, ಉಜ್ಜಿದರೆ ಮೊದಲು ಹೋಗುವುದು ಅದೇ. ಬಟ್ಟೆಯ ಮೇಲೆ ಎಳೆದಾಗ ಅಲಗುಗಳ ನಡುವೆ ಸಿಕ್ಕಿಕೊಂಡ ಕೊಳೆ ಕಿತ್ತುಬಂದು ಚುರುಕಾದಂತೆ ಅನಿಸಬಹುದು. ನಲ್ಲಿಯ ಕೆಳಗೆ ಹಿಂಬದಿಯಿಂದ ನೀರು ಬಿಟ್ಟರೂ ಅದು ಹೋಗುತ್ತದೆ.

ನಮ್ಮ ಮಲೆನಾಡಿನಲ್ಲಿ ಬೇರೆಯದೇ ಪೀಡೆ ಇದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಚ್ಚಲಿನಲ್ಲಿಟ್ಟ ಯಾವುದೂ ಒಣಗುವುದಿಲ್ಲ. ಸ್ಟೇನ್‌ಲೆಸ್ ಎಂದು ಬರೆದಿದ್ದರೂ ಸದಾ ಒದ್ದೆಯಲ್ಲಿದ್ದರೆ ಅಲಗಿನ ತುದಿ ಕೆಡುತ್ತದೆ, ಬ್ರಷ್ಷಿನ ಬುಡಕ್ಕೆ ಬೂಷ್ಟು ಹಿಡಿಯುತ್ತದೆ. ಶೇವ್ ಆದ ಮೇಲೆ ಸೆಟ್ಟನ್ನು ಕೊಡವಿ, ಬ್ರಷ್ಷನ್ನು ಕೂದಲು ಕೆಳಮುಖವಾಗುವಂತೆ ತೂಗುಹಾಕಿ, ಎರಡನ್ನೂ ಬಚ್ಚಲಿನಿಂದ ಹೊರಗಿಡಬೇಕು. ನಮ್ಮಲ್ಲಿ ಬಚ್ಚಲ ಒಲೆಯ ಮೇಲಿನ ಗೂಡೇ ಅದಕ್ಕೆ ಮೀಸಲು. ಬ್ಲೇಡಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡುವವರೂ ಇದ್ದಾರೆ, ತುಕ್ಕಿಗೆ ಅದು ಒಳ್ಳೆಯ ತಡೆಯೇ. ಬ್ಲೇಡನ್ನು ಮಾತ್ರ ಸೆಟ್ಟಿನಿಂದ ತೆಗೆದು ಬಟ್ಟೆಯಿಂದ ಒರೆಸಲು ಹೋಗಬೇಡಿ. ಅಲಗೂ ಕೆಡುತ್ತದೆ, ಬೆರಳೂ ಕುಯ್ಯುತ್ತದೆ.

ಇನ್ನು ಕಾಲೇಜು ಹುಡುಗನ ವಿಷಯದಲ್ಲಿ ಮೇಷ್ಟರೊಂದಿಗೆ ನನ್ನದು ಭಿನ್ನಾಭಿಪ್ರಾಯ. ವಾರಕ್ಕೊಮ್ಮೆ ಎಳೆಯ ಗಡ್ಡ ತೆಗೆಯುವವನಿಗೆ ಲೋಹದ ಸೆಟ್ಟಿನ ಉಳಿತಾಯ ವರ್ಷಕ್ಕೆ ಎಷ್ಟಾದೀತು? ಅವನಿಗೆ ಒಂದೇ ಅಲಗಿನ ಅಗ್ಗದ ಕಾರ್ಟ್ರಿಜ್ ಸಾಕು. ಜಿಲೆಟ್ ಗಾರ್ಡ್ 2010ರಲ್ಲಿ ಭಾರತಕ್ಕೆಂದೇ ಬಂದಾಗ ಹಿಡಿಯೊಂದಿಗೆ 15 ರೂಪಾಯಿ, ಬದಲಿ ಕಾರ್ಟ್ರಿಜ್ಜಿಗೆ 5 ರೂಪಾಯಿ ಇತ್ತು. ಅದಕ್ಕೂ ಮೊದಲು ಇದೇ ಕಂಪನಿ ಭಾರತಕ್ಕೆಂದು ಮಾಡಿದ ರೇಜರನ್ನು ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ಹುಡುಗರಿಗೆ ಕೊಟ್ಟು ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದುಕೊಂಡು ಇಲ್ಲಿಗೆ ತಂದಿತ್ತು. ಅಲ್ಲಿ ನಲ್ಲಿಯಲ್ಲಿ ನೀರು ಸುರಿಯುತ್ತಿರುತ್ತದೆ. ಇಲ್ಲಿ ಜನ ಒಂದು ಲೋಟ ನೀರು ಇಟ್ಟುಕೊಂಡು ಅದರಲ್ಲೇ ಅದ್ದಿ ತೆಗೆಯುತ್ತಾರೆ, ಅಲಗಿನ ಸಂದಿ ಕಟ್ಟಿಕೊಂಡಿತು. ಆಮೇಲೆ ಇಲ್ಲಿನವರ ಮನೆಗಳಿಗೇ ಬಂದು ಕುಳಿತು ನೋಡಿ, ಲೋಟದ ನೀರಿನಲ್ಲೂ ಸುಲಭವಾಗಿ ತೊಳೆದುಹೋಗುವಂತೆ ಗಾರ್ಡನ್ನು ರೂಪಿಸಿದರು. ಅಂಥ ಕಾರ್ಟ್ರಿಜ್ಜಿಗೆ ಇಂದು ಹತ್ತು ರೂಪಾಯಿ ಎಂದೇ ಹಿಡಿದು ಐದು ಸಲ ಬಳಸಿದರೂ ಸಲಕ್ಕೆ ಎರಡು ರೂಪಾಯಿ. ಗುಳ್ಳೆ ಏಳುವ ವಯಸ್ಸಿನಲ್ಲಿ ಒಂದೇ ಅಲಗು ಒಳ್ಳೆಯದೂ ಹೌದು. ಮೂರು ಅಲಗಿನದರಲ್ಲಿ ಮೊದಲನೆಯದು ಕೂದಲನ್ನು ಎತ್ತಿ ಹಿಡಿಯುತ್ತದೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ, ಗುಂಗುರು ಕೂದಲಿನವರಿಗೆ ಆ ತುದಿ ಚರ್ಮದೊಳಗೇ ಬೆಳೆದು ಕೆಂಪು ಗುಳ್ಳೆಯಾಗುತ್ತದೆ.


ಅರಸೀಕೆರೆಯ ನಿವೃತ್ತ ಮೇಷ್ಟರು

ತೋಟದವರ ಮಾತನ್ನು ಹುಡುಗನ ಮಟ್ಟಿಗೆ ಒಪ್ಪುತ್ತೇನೆ. ದಿನಾಲೂ ಮಾಡಿಕೊಳ್ಳುವ ಅಣ್ಣನಿಗೆ ಸೆಟ್ಟೇ ಸರಿ. ಹರಿತ ಮಾಡುವ ಮಾತು ಬಂದದ್ದರಿಂದ ಒಂದು ಪೂರಕ ಸಂಗತಿ: ನಮ್ಮ ಹಿರಿಯರು ಬ್ಲೇಡನ್ನು ಗಾಜಿನ ಲೋಟದ ಒಳಗೋಡೆಗೆ ಬೆರಳಿನಿಂದ ಒತ್ತಿ ಹಿಂದೆ ಮುಂದೆ ಆಡಿಸುತ್ತಿದ್ದುದನ್ನು ನೀವು ಕೆಲವರಾದರೂ ನೋಡಿರಬಹುದು. ಅದು ಮೌಢ್ಯವೇನೂ ಅಲ್ಲ. ಅಂದಿನ ಬ್ಲೇಡು ಲೇಪವಿಲ್ಲದ ಕಾರ್ಬನ್ ಉಕ್ಕಿನದು, ಬೇಗ ಬಾಗುತ್ತಿತ್ತು, ಬೇಗ ತುಕ್ಕು ಹಿಡಿಯುತ್ತಿತ್ತು, ಗಾಜಿನ ಮೇಲೆ ಅಷ್ಟಿಷ್ಟು ನೇರವಾಗುತ್ತಿತ್ತು. ಸ್ಟೇನ್‌ಲೆಸ್ ಬ್ಲೇಡು 1960ರ ದಶಕದ ಆರಂಭದಲ್ಲಿ ವಿಲ್ಕಿನ್ಸನ್ ಕಂಪನಿಯಿಂದ ಹೆಸರಾದ ಮೇಲೆ ಆ ವಿದ್ಯೆಗೆ ಕೆಲಸ ಉಳಿಯಲಿಲ್ಲ. ಮೂರು ರೂಪಾಯಿಯ ಬ್ಲೇಡು ಕಿತ್ತೆಳೆಯಲು ತೊಡಗಿದರೆ ಬದಲಾಯಿಸಿಬಿಡುವುದೇ ಲಾಭ. ಮೊಂಡು ಬ್ಲೇಡಿನಿಂದ ಆದ ಗಾಯಕ್ಕೆ ಹಚ್ಚುವ ಮುಲಾಮಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಲ್ಲವೇ?

ನೀರಿನ ಬಗ್ಗೆ ಸಲೂನಿನವರು ಹೇಳಿದ್ದು ಅಕ್ಷರಶಃ ನಿಜ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಮೈಸೋಪಿನಿಂದ ಶೇವ್ ಮಾಡಿಕೊಳ್ಳುವುದು ದುಸ್ತರ. ಶೇವಿಂಗ್ ಸೋಪಿನಲ್ಲಿ ಪೊಟ್ಯಾಸಿಯಮ್ ಕ್ಷಾರದ ಸೋಪೂ ಸ್ಟಿಯರಿಕ್ ಆಮ್ಲವೂ ಹೆಚ್ಚಿರುವುದರಿಂದ ನೊರೆ ಗಟ್ಟಿಯಾಗಿ, ಆರದೆ ನಿಲ್ಲುತ್ತದೆ. ಮೈಸೋಪಿನ ನೊರೆ ಇನ್ನೊಂದು ಕೆನ್ನೆಗೆ ಹೋಗುವಷ್ಟರಲ್ಲಿ ಒಡೆದಿರುತ್ತದೆ. ಈ ಒಂದು ಕಡೆ ಜಿಪುಣತನ ಬೇಡ.


ಹಾಸನದ ಹಿರಿಮಗ

ಎಲ್ಲರಿಗೂ ಕೃತಜ್ಞತೆಗಳು. ನನಗೆ ಲೋಹದ ಸೆಟ್, ತಂದೆಯವರಿಗೆ ಟ್ರಿಮ್ಮರ್, ತಮ್ಮನಿಗೆ ಒಂದಲಗಿನ ರೇಜರ್ ಎಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಉಳಿದಿರುವ ಕಾರ್ಟ್ರಿಜ್‌ಗಳನ್ನು ಎಸೆಯದೆ ಮೊದಲು ಮುಗಿಸುತ್ತೇವೆ. ಕೊನೆಯದಾಗಿ ಒಂದು ಪ್ರಶ್ನೆ: ಬಳಸಿದ ಬ್ಲೇಡುಗಳನ್ನು ಏನು ಮಾಡಬೇಕು? ಅಮ್ಮ ಕಸದ ಬುಟ್ಟಿಗೆ ಹಾಕಲು ಬಿಡುತ್ತಿಲ್ಲ.


ಹಾಸನದ ಸಲೂನಿನವ

ಅಮ್ಮನವರು ಸರಿಯಾಗಿಯೇ ಹೇಳಿದ್ದಾರೆ. ಕಸವನ್ನು ಬೇರ್ಪಡಿಸುವ ಪೌರಕಾರ್ಮಿಕರು ಕೈ ಹಾಕುವ ಜಾಗದಲ್ಲಿ ಬಿಡಿ ಬ್ಲೇಡು ಇರಬಾರದು. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯೊಂದನ್ನು ತೆಗೆದುಕೊಂಡು ಮುಚ್ಚಳದಲ್ಲಿ ಬ್ಲೇಡು ಇಳಿಯುವಷ್ಟು ಸೀಳು ಮಾಡಿ, ಸೆಟ್ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ. ಬ್ಲೇಡು ಕಾಗದದಷ್ಟು ತೆಳುವಾದ್ದರಿಂದ ಡಬ್ಬಿ ವರ್ಷಗಟ್ಟಲೆ ತುಂಬುವುದಿಲ್ಲ. ತುಂಬಿದ ಮೇಲೆ ಸೀಳಿಗೂ ಮುಚ್ಚಳಕ್ಕೂ ಟೇಪು ಸುತ್ತಿ, ಮೇಲೆ ಬ್ಲೇಡು ಎಂದು ದಪ್ಪಕ್ಷರದಲ್ಲಿ ಬರೆದು, ಕಸದ ಗಾಡಿಯವರಿಗೆ ಬಾಯಲ್ಲೂ ಹೇಳಿ ಬೇರೆಯಾಗಿ ಕೊಡಿ.

ಸೆಟ್ ತಂದ ಮೇಲೆ ಮೊದಲ ಸಲ ಹಿಡಿಯುವ ಮುನ್ನ ನಿಮ್ಮ ಬಡಾವಣೆಯ ಸಲೂನಿಗೆ ಒಮ್ಮೆ ಹೋಗಿ ಓರೆ ಎಷ್ಟಿರಬೇಕೆಂದು ಕೇಳಿಕೊಳ್ಳಿ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಯಾರೂ ಇಲ್ಲ ಎನ್ನುವುದಿಲ್ಲ. ಮಂಗಳವಾರ ಮಾತ್ರ ಹೋಗಬೇಡಿ, ಅಂದು ನಮಗೆ ರಜೆ.